ಚನ್ನೇಶ್ ಮೇಷ್ಟ್ರ ವಾಲ್ವು

"ನಾಳೆ ಬೇಲೂರಿಗೆ ಹೊರಡೋದ್ರೊಳಗೆ ಈ ಆಂಪ್ಲಿಫೈಯರ್ ಸೊಕ್ಕು ಮುರೀದಿದ್ರೆ ನಾನು ಫಿಸಿಕ್ಸ್ ಮೇಷ್ಟ್ರೇ ಅಲ್ಲ!"

ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತು ಚನ್ನೇಶ್ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಹೇಮಾಶ್ರೀ ಬೆಚ್ಚಿ ಬೀಳಲಿಲ್ಲ. ಇನ್ನೊಂದು ದೋಸೆ ಹಾಕಿದಳು, ಅಷ್ಟೆ.

"ಕೃಷ್ಣಪ್ಪನವ್ರಿಗೆ ಒಂದು ಫೋನ್ ಮಾಡಬಾರದೇನ್ರೀ?"

"ಇಪ್ಪತ್ತು ವರ್ಷ ಮಕ್ಕಳಿಗೆ ಕರೆಂಟಿನ ಪಾಠ ಹೇಳಿದೋನು, ಹೋಗಿ ಹೋಗಿ ರೇಡಿಯೋ ರಿಪೇರಿಯವರ ಮುಂದೆ ಕೈಕಟ್ಟಿ ನಿಲ್ಲಲಾ?"

"ಕೈಕಟ್ಟಿ ನಿಲ್ಲಬೇಡಿ. ಫೋನ್ ಮಾಡಿ ಅಂದೆ."

ಅರಸೀಕೆರೆಯ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಚನ್ನೇಶ್‌ಗೆ ಗಿಟಾರ್ ಹುಚ್ಚು ಹಿಡಿದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಹುಚ್ಚಿನ ಬೆನ್ನಿಗೇ ಈ ಆಂಪ್ಲಿಫೈಯರೂ ಬಂತು. ಬಿಕ್ಕೋಡಿನ ಎಸ್ಟೇಟ್ ಮ್ಯಾನೇಜರೊಬ್ಬರು ಊರು ಬಿಡುವಾಗ ಮಾರಿದ್ದು. ಹಳೇ ಕಾಲದ ವಾಲ್ವ್ ಮಾಲು, ಒರಳುಕಲ್ಲಿನ ತೂಕ. ಹಿಂದುಗಡೆ ವಾಲ್ವುಗಳೆಂಬ ಗಾಜಿನ ಬುರುಡೆಗಳು ದೀಪಾವಳಿಯಂತೆ ಬೆಳಗುತ್ತವೆ. ಆದರೆ ಎರಡು ತಿಂಗಳಿಂದ ಅದರ ಬುದ್ಧಿ ಕೆಟ್ಟಿತ್ತು. ಒಮ್ಮೆ ಸಿಂಹದಂತೆ ಗರ್ಜಿಸುತ್ತದೆ, ಮರುಕ್ಷಣ ಸೊಳ್ಳೆಯಂತೆ ಗುಂಯ್‌ಗುಡುತ್ತದೆ, ಆಮೇಲೆ ಸತ್ತೇ ಹೋಗುತ್ತದೆ. ಇನ್ನೇನು ತಿಥಿ ಮಾಡಬೇಕು ಅನ್ನುವಷ್ಟರಲ್ಲಿ 'ಢಂ' ಎಂದು ಎದ್ದು ಕೂರುತ್ತದೆ!

ಭಾನುವಾರ ಬೇಲೂರಿನಲ್ಲಿ ಪ್ರಿನ್ಸಿಪಾಲ್ ದೇವರಾಜ್ ಅವರ ಮಗಳ ಆರತಕ್ಷತೆ. "ಆರ್ಕೆಸ್ಟ್ರಾ ಯಾಕೆ ಸಾರ್? ಅರ್ಧ ಗಂಟೆ ನಾನೇ ನುಡಿಸ್ತೀನಿ" ಎಂದು ಚನ್ನೇಶ್ ಇಡೀ ಸ್ಟಾಫ್ ರೂಮಿನೆದುರು ಮಾತು ಕೊಟ್ಟಿದ್ದ. ಪ್ರಿನ್ಸಿಪಾಲರು ಆರ್ಕೆಸ್ಟ್ರಾದವರಿಗೆ ಬೇಡ ಅಂದೂ ಬಿಟ್ಟಿದ್ದರು.

ಮೊದಲು ಅನುಮಾನ ಬಿದ್ದದ್ದು ವೋಲ್ಟೇಜಿನ ಮೇಲೆ. ಫ್ರಿಜ್ ಆರಿತು. ಫ್ಯಾನ್ ಆರಿತು. ನೀರಿನ ಮೋಟರ್ ನಿಂತಿತು. ಮಿಕ್ಸಿಯೂ ನಿಂತಿತು, ಚಟ್ನಿ ಅರ್ಧ ಕಾಯಿ, ಅರ್ಧ ನೀರು. ಚನ್ನೇಶ್ ಕುರ್ಚಿಯಲ್ಲಿ ಕೂತು ಮೈಮರೆತು ನುಡಿಸಿದ. ರಾಗ ಏರುವ ಹೊತ್ತಿಗೆ ಸರಿಯಾಗಿ ಸದ್ದು ಅಡಗಿತು.

"ಹಾಗಾದ್ರೆ ವಾಲ್ವೇ ವೀಕು!" ಎಂದು ಕೂಗಿದ.

ಅಂಗಳದಲ್ಲಿ ಹಿತ್ತಾಳೆ ದೀಪದ ಕಂಬ ತಿಕ್ಕಿ ಬೆಳಗುತ್ತಿದ್ದ ತಾಯಿ ಪುಟ್ಟಲಕ್ಷ್ಮಮ್ಮ ಗಾಬರಿಯಾಗಿ ಓಡಿ ಬಂದರು. "ಯಾರ್ದೋ ವಾಲ್ವು? ನಿಂದೇನೋ? ಎದೆ ನೋವೈತೇನೋ? ಮೊದ್ಲು ಹಾಸನಕ್ಕೆ ಹೋಗಾನ ನಡಿ!"

"ನಂದಲ್ಲಮ್ಮ, ಇದರದು!"

"ಥೂ ನಿನ್ನ! ಜೀವನೇ ಹೋಗಿತ್ತು ಕಣೋ ನಂಗೆ."

ಚನ್ನೇಶ್ ಹೇಮಾಶ್ರೀಯ ಕೈಗೆ ಗಿಟಾರ್ ಕೊಟ್ಟು ತಂತಿ ಮೀಟುತ್ತಿರಲು ಹೇಳಿದ. ತಾನು ಆಂಪ್ಲಿಫೈಯರ್ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮರದ ಸೌಟಿನ ತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟುತ್ತಾ ಹೋದ. ಅವಳು ನಿಂತುಕೊಂಡು ಹತ್ತು ನಿಮಿಷ ಮೀಟಿದಳು. ಸದ್ದು ಒಮ್ಮೆಯೂ ಹೋಗಲಿಲ್ಲ.

"ಸರಿಯಾಗೇ ಬರ್ತಿದೆಯಲ್ರೀ."

"ಅದೇ ಅದರ ಕಳ್ಳಬುದ್ಧಿ! ಡಾಕ್ಟರ್ ಎದುರಿಗೆ ರೋಗಿ ನೆಟ್ಟಗೆ ಕೂತ ಹಾಗೆ."

ಕರೆಂಟು ತೆಗೆದು, ಆರುವವರೆಗೆ ಕಾದು, ಐದೂ ವಾಲ್ವುಗಳನ್ನು ಕಿತ್ತು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿದ. ಅವುಗಳ ತಂತಿಗಾಲು ಉಜ್ಜಲು ಉಪ್ಪುಕಾಗದ ತರೋಣವೆಂದು ಅಂಗಡಿಗೆ ಹೋಗಿ ಬಂದ. ತಟ್ಟೆ ಖಾಲಿ!

"ಕಾಲೆಲ್ಲಾ ಕಪ್ಪು ಹಿಡಿದಿತ್ತು ಕಣೋ. ದೀಪದ ಕಂಬದ ಜೊತೆಗೇ ಹುಣಸೆಹಣ್ಣು ಹಾಕಿ ಬೆಳಗಿಬಿಟ್ಟೆ" ಎಂದರು ಪುಟ್ಟಲಕ್ಷ್ಮಮ್ಮ. ವಾಲ್ವುಗಳು ಜಗಲಿಯ ಮೇಲೆ ಹಪ್ಪಳದ ಪಕ್ಕ ಬಿಸಿಲು ಕಾಯುತ್ತಿದ್ದವು.

ಚನ್ನೇಶ್ ಓಡಿಹೋಗಿ ಅವನ್ನು ಬಾಚಿಕೊಂಡ. ಮಧ್ಯಾಹ್ನವೆಲ್ಲ ಒಣಗಿಸಿ, ಒರೆಸಿ, ಮನೆದೇವರಿಗೆ ಕೈಮುಗಿದು ಮತ್ತೆ ಸಿಕ್ಕಿಸಿದ. ಅವು ಪುಣ್ಯಕ್ಕೆ ಹೊತ್ತಿಕೊಂಡವು. ಕುರ್ಚಿಯಲ್ಲಿ ಕೂತು ನುಡಿಸಿದ. ಆಹಾ, ಏನು ನಾದ! ಕಣ್ಣು ಮುಚ್ಚಿದ. ರಾಗ ಏರಿತು. ಸದ್ದು ಹೋಯಿತು.

ಅವನು ಕಣ್ಣು ತೆರೆಯುವಷ್ಟರಲ್ಲಿ ಹೇಮಾಶ್ರೀ ಫೋನಿನಲ್ಲಿದ್ದಳು. "ಕೃಷ್ಣಪ್ಪನವ್ರೇ, ಸ್ವಲ್ಪ ಮನೆ ಕಡೆ ಬರ್ತೀರಾ?"

ಎಪ್ಪತ್ತು ದಾಟಿದ ಕೃಷ್ಣಪ್ಪ ಸೈಕಲ್ಲಿನಲ್ಲಿ ಬಂದರು. ತಂದಿದ್ದ ಸಲಕರಣೆಯ ಡಬ್ಬಿ ಬಿಚ್ಚಲಿಲ್ಲ. ಗೋಡೆಗೊರಗಿ ನಿಂತು, "ನುಡ್ಸಿ ಮೇಷ್ಟ್ರೇ" ಅಂದರು.

ಚನ್ನೇಶ್ ನುಡಿಸಿದ. ಸದ್ದು ಹೋಯಿತು.

"ಬಲಗಾಲು ಎತ್ತಿ."

"ಏನು?"

"ಕಾಲು, ಸಾ. ಎತ್ತಿ."

ಎತ್ತಿದ. ಸದ್ದು ಬಂತು!

"ಇಡಿ."

ಇಟ್ಟ. ಸದ್ದು ಮಾಯ!

"ಎತ್ತಿ." ಢಂ! "ಇಡಿ." ನಿಶ್ಶಬ್ದ. ಹೇಮಾಶ್ರೀ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

"ಆಂಪ್ಲಿಫೈಯರ್ ಗುಂಡುಕಲ್ಲಿನಂಗೈತೆ ಸಾ" ಎಂದರು ಕೃಷ್ಣಪ್ಪ. "ಗಿಟಾರಿಂದ ಬರೋ ಈ ವೈರು ನಿಮ್ಮ ಕಾಲಡಿ ಐತಲ್ಲ, ಅದರ ಮೇಲೇ ದಿನಾ ತಾಳ ಹಾಕಿದೀರ. ಒಳಗೆ ತಂತಿ ಕಡ್ದೈತೆ. ನೀವು ಜೋರಾಗಿ ತಾಳ ಹಾಕ್ದಾಗೆಲ್ಲ ಸಂದು ಬಿಡುತ್ತೆ."

ಇಪ್ಪತ್ತು ವರ್ಷದ ಕರೆಂಟಿನ ಪಾಠ ಅಂಗಾಲಿನ ಕೆಳಗೆ ಬಿದ್ದಿತ್ತು. ಕೃಷ್ಣಪ್ಪ ಹೊಸ ವೈರು ಬೆಸುಗೆ ಹಾಕಿ, ಕಾಫಿ ಕುಡಿದು, ಸೈಕಲ್ ಹತ್ತಿದರು.

ಭಾನುವಾರ ಬೇಲೂರಿನ ಕಲ್ಯಾಣ ಮಂಟಪದಲ್ಲಿ ಚನ್ನೇಶ್ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟುಕೊಂಡು ನುಡಿಸಿದ. ಅರ್ಧ ಗಂಟೆ ಎಂದದ್ದು ಉಮೇದಿನಲ್ಲಿ ಒಂದು ಗಂಟೆಗೆ ಬೆಳೆಯಿತು. ಒಂದು ಚೂರೂ ಕರಕರ ಇಲ್ಲ, ಒಂದು ಸ್ವರವೂ ತಪ್ಪಿಸಿಕೊಳ್ಳಲಿಲ್ಲ. ನುಡಿಸಿದ್ದೆಲ್ಲ ಮೂಲೆ ಮೂಲೆಗೂ ಕೇಳಿತು. ಬೆವರೊರೆಸಿಕೊಳ್ಳುತ್ತಾ ಇಳಿದು ಬಂದಾಗ ಸಭೆಯಲ್ಲಿ ಅರ್ಧಕ್ಕರ್ಧ ಜನ ಊಟದ ಹಾಲ್ ಸೇರಿದ್ದರು. ಮೊದಲ ಸಾಲಿನಲ್ಲಿ ತಾಯಿ ಮಾತ್ರ ಅಲುಗಾಡದೆ ಕೂತಿದ್ದರು. ಚನ್ನೇಶ್‌ನ ಎದೆ ಉಬ್ಬಿತು.

"ನೋಡಿದೆಯೇನಮ್ಮ? ಒಂದ್ಸಲಾನೂ ನಿಲ್ಲಲಿಲ್ಲ!"

"ಹೂಂ ಕಣಪ್ಪ" ಎಂದರು ಪುಟ್ಟಲಕ್ಷ್ಮಮ್ಮ, ಸೊಂಟ ಹಿಡಿದುಕೊಂಡು ಏಳುತ್ತಾ. "ಈಗ ನಿಲ್ತೈತೆ, ಆಗ ನಿಲ್ತೈತೆ, ನಿಂತ ತಕ್ಷಣ ಎದ್ದು ಊಟಕ್ಕೆ ಹೋಗಾನ ಅಂತ ನಾನೂ ಕಾಯ್ಕಂಡೇ ಕೂತಿದ್ದೆ!"