ಸೊಟ್ಟಮಾವನ ಬಲಗಣ್ಣು

ಒಂದೇ ಒಂದು ಸೊಟ್ಟ ಟೈಲ್ಸು ಗಿರಾಕಿಯ ಮನೆಯಿಂದ ವಾಪಸು ಬಂದದ್ದೇ ಎಲ್ಲ ರಗಳೆಗೂ ಮೂಲ. ಕಾರ್ಖಾನೆಯಲ್ಲಿ ಮಾಲು ಪಾಸು ಮಾಡುತ್ತಿದ್ದ ಮುದುಕನಿಗೆ ಅಂದೇ ಸೊಟ್ಟಮಾವ ಎಂಬ ಹೆಸರು ಅಂಟಿಕೊಂಡಿತು.

"ಕಣ್ಣು ರಿಪೇರಿ ಮಾಡಿಸ್ಕೊ, ಇಲ್ಲಾ ಗೇಟು ದಾಟು," ಅಂದ ಮಾಲೀಕ.

ಡಾಕ್ಟರಮ್ಮ ಪರೀಕ್ಷಿಸಿದರು. "ಎರಡೂ ಕಣ್ಣಲ್ಲಿ ಪೊರೆ ಇದೆ ಯಜಮಾನ್ರೇ. ಸಾಲದ್ದಕ್ಕೆ ಕಣ್ಣಿನ ಮುಂದಿನ ಪದರ ದುಂಡಗಿಲ್ಲ, ಒಂದು ಕಡೆ ಹೆಚ್ಚು ಬಾಗಿದೆ. ಮೊದಲು ಬಲಗಣ್ಣು ಮಾಡೋಣ. ಪೊರೆ ತೆಗೆಯೋವಾಗ್ಲೇ ಲೇಸರ್‌ನಿಂದ ಅಂಚಲ್ಲಿ ಸಣ್ಣ ಗೀರು ಹಾಕಿ ಆ ಬಾಗೂ ಸರಿಮಾಡ್ತೀವಿ."

"ಪೊರೆಗೆ ಬೇಕಾದ್ರೆ ದುಡ್ಡು ಕೊಡ್ತೀನಿ. ಲೇಸರ್ ಎಲ್ಲ ಶೋಕಿ!" ಅಂದ ಮಾಲೀಕ.

ಸೊಟ್ಟಮಾವ ಗೇಟಿಗೆ ಅಡ್ಡ ಕೂತುಬಿಟ್ಟ. "ನಿಮ್ಮ ಧೂಳು ತಿಂದ ಕಣ್ಣು ಇದು. ಅರ್ಧಂಬರ್ಧ ರಿಪೇರಿಗೆ ಇದೇನು ನಿಮ್ಮ ಲಾರೀನಾ?" ಪ್ಯಾಕಿಂಗ್ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಲಾರಿ ಡ್ರೈವರೂ ಕೂತ. ಮಾಲೀಕ ಹುಣಸೆಹಣ್ಣು ಕಚ್ಚಿದವನ ಮುಖ ಮಾಡಿ ಒಪ್ಪಿದ.

ಆಪರೇಷನ್ ಆಗಿ ಕೆಲಸಕ್ಕೆ ಮರಳಿದ ಬೆಳಿಗ್ಗೆ ಬಾಗಿಲಲ್ಲೇ ಪರೀಕ್ಷೆ.

"ಮಾವಾ, ಎಷ್ಟು ಬೆರಳು?" ಡ್ರೈವರ್ ಕೈ ಎತ್ತಿದ.

"ಬೆರಳು ಎರಡು. ಉಗುರಿನ ಕೊಳೆ ಒಂದು ಲೋಡು."

"ನಾನು ಹೆಂಗೆ ಕಾಣ್ತೀನಿ?" ಅಂದಳು ಪ್ಯಾಕಿಂಗ್ ಅಕ್ಕ.

"ಸುಮ್ನಿರಮ್ಮಾ, ಡಾಕ್ಟ್ರು ಕಣ್ಣಿಗೆ ಶ್ರಮ ಕೊಡಬೇಡಿ ಅಂದಿದಾರೆ."

ಮೇಜಿಗೆ ಕೂತ. ಮೊದಲ ಟೈಲ್ಸು ಸೊಟ್ಟ. ತೆಗೆದಿಟ್ಟ. ಎರಡನೆಯದೂ ಸೊಟ್ಟ. ಮೂಲೆಮಟ್ಟ ಹಿಡಿದು ನೋಡಿದ, ಅದೂ ಹೌದೆಂದಿತು. ಮಧ್ಯಾಹ್ನದ ಹೊತ್ತಿಗೆ ತಿರಸ್ಕಾರದ ರಾಶಿ ಗುಡ್ಡವಾಯಿತು. ಲಾರಿ ಖಾಲಿ ಹೊಟ್ಟೆಯಲ್ಲಿ ಆಕಳಿಸುತ್ತ ನಿಂತಿತು.

ಮಾಲೀಕ ಓಡಿಬಂದ. "ಏನಯ್ಯಾ ಇದು ಅನ್ಯಾಯ?"

"ಇಷ್ಟು ದಿನ ನನ್ನ ಕಣ್ಣು ಸೊಟ್ಟ ಅಂದ್ರಲ್ಲಾ? ನಿಮ್ಮ ಅಚ್ಚೇ ಸೊಟ್ಟ ಕಣ್ರೀ! ಬದಲಾಯಿಸಿ."

ಮಾವನ ಕೆಲಸ ಹೋಯಿತು ಅಂತಲೇ ಎಲ್ಲರ ಲೆಕ್ಕ. ಆದರೆ ಮಾಲೀಕ ಬೆಣ್ಣೆಯಂತೆ ಕರಗಿ, ಮಾವನ ಹೆಗಲ ಮೇಲೆ ಕೈ ಹಾಕಿದ.

"ಎಡಗಣ್ಣಿನ ಆಪರೇಷನ್ ಯಾವಾಗ?"

"ಮುಂದಿನ ತಿಂಗಳು."

"ಬೇಡ. ಇವತ್ತಿಂದ ನಿನ್ನ ಕೆಲಸ ಖಾಯಂ." ಮಾವನ ಜೇಬಿನಿಂದ ಇಣುಕುತ್ತಿದ್ದ ಆಸ್ಪತ್ರೆಯ ಕಣ್ಣುಮುಚ್ಚಳ ಎಳೆದು, ನೆಟ್ಟಗಾದ ಬಲಗಣ್ಣಿನ ಮೇಲೆ ತಾನೇ ಅಂಟಿಸಿದ. "ಇನ್ನು ಎಡಗಣ್ಣಲ್ಲೇ ನೋಡಿ ಪಾಸು ಮಾಡು!"

ಸೊಟ್ಟಮಾವ ಮುಚ್ಚಳ ಕಿತ್ತು ಮಾಲೀಕನ ಅಂಗೈಗಿಟ್ಟ. "ಹೋರಾಡಿ ಪಡೆದ ಕಣ್ಣು ಸ್ವಾಮಿ. ಮುಚ್ಚೋಕಲ್ಲ."

"ಹಾಗಾದ್ರೆ ಗೇಟು ದಾಟು!"

ದಾಟಿದ. ದಾಟಿ, ಹಳೆಯ ಜಾಗದಲ್ಲೇ ಅಡ್ಡ ಕೂತ. ಪ್ಯಾಕಿಂಗ್ ಅಕ್ಕ ಸೆರಗು ಕೊಡವಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಈ ಸಲ ಏನು ಕೇಳೋಣ ಮಾವಾ?"

"ಅದೇ, ಲೇಸರ್," ಅಂದ ಸೊಟ್ಟಮಾವ. "ಮಾಲೀಕರಿಗೆ."