ಇಬ್ಬರಿಗೂ ಒಂದೇ ಗುರುತು

ನನ್ನ ಹೊಟ್ಟೆಪಾಡು ಏನೆಂದು ಕೇಳಿದರೆ, ನೋಡಲು ಒಂದೇ ಥರ ಇರುವ ಇಂಗ್ಲಿಷ್ ಪದಗಳನ್ನು ಬೇರೆ ಬೇರೆ ಎಂದು ಹಿಡಿಯುವುದು. ಮುದ್ರಣಾಲಯದ ಕರಡು ಮನೆಗೆ ಬರುತ್ತದೆ, ನಾನು ಕೆಂಪು ಪೆನ್ನು ಹಿಡಿದು ಕೂರುತ್ತೇನೆ. ಮರಳುಗಾಡಿನ ಡೆಸರ್ಟನ್ನು ಊಟದ ಕೊನೆಗೆ ಬಡಿಸಲು, ಊಟದ ಕೊನೆಯ ಡಿಸರ್ಟಿನಲ್ಲಿ ಒಂಟೆ ಓಡಿಸಲು ಇದುವರೆಗೆ ಯಾರಿಗೂ ಬಿಟ್ಟಿಲ್ಲ. ಇಂಥ ಮಹಾಪಂಡಿತನಿಗೆ ದೇವರು ಅವಳಿ ಹೆಣ್ಣುಮಕ್ಕಳನ್ನು ಕೊಟ್ಟ. ಮೂರು ವರ್ಷವಾಯಿತು, ಯಾರು ಯಾರೆಂದು ನನಗಿನ್ನೂ ಗೊತ್ತಾಗಿಲ್ಲ.

(ಹೆಸರಿಗೆ ದೊಡ್ಡಪುಟ್ಟಿ, ಚಿಕ್ಕಪುಟ್ಟಿ. ಒಬ್ಬಳು ದೊಡ್ಡವಳೂ ಅಲ್ಲ, ಇನ್ನೊಬ್ಬಳು ಚಿಕ್ಕವಳೂ ಅಲ್ಲ.)

ನನ್ನವಳ ವಿಷಯ ಬೇರೆ. ಬಾಗಿಲಾಚೆ ಒಂದು ಸೀನು ಕೇಳಿದರೆ ಸಾಕು, ಸೀನಿದವಳು ಇಂಥವಳೇ ಎನ್ನುತ್ತಾಳೆ. ಕೇಳಿದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ಒಮ್ಮೆ ಗುಟ್ಟೇನೆಂದು ಕೇಳಿಯೇಬಿಟ್ಟೆ.

"ದೊಡ್ಡೋಳು ನೋಡಿ ನಗ್ತಾಳೆ. ಚಿಕ್ಕೋಳು ನಕ್ಕು ಆಮೇಲೆ ನೋಡ್ತಾಳೆ. ಇದ್ರಲ್ಲೇನಿದೆ?"

ನಾನೂ ಪರೀಕ್ಷಿಸಿದೆ. ನನ್ನನ್ನು ಕಂಡರೆ ಇಬ್ಬರೂ ಒಟ್ಟಿಗೇ ನಗುತ್ತಾರೆ. ನನ್ನ ಮುಖವೇ ಹಾಗಿದೆ.

ಮಕ್ಕಳಾದ ಮೇಲೆ ಕೆಲಸ ಬಿಟ್ಟಿದ್ದ ಅವಳು ಈ ಸಲ ಗ್ರಂಥಾಲಯದ ಹುದ್ದೆಗೆ ಅರ್ಜಿ ಹಾಕಿದ್ದಳು. ಇದು ಸಿಗದಿದ್ದರೆ ತನಗೆ ಹುಚ್ಚು ಹಿಡಿಯುವುದು ಖಂಡಿತ ಎಂದಿದ್ದಳು. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಇಂಥವೇ ಅವಳಿ ಪದಗಳು. ಗುರುಪೀಠ ಏರಿದ ನಾನು ಒಂದು ವಾರ ಪಾಠ ಮಾಡಿದೆ. ನಿಂತಲ್ಲೇ ನಿಂತ ಸ್ಟೇಷನರಿಗೂ ಕಾಗದ-ಪೆನ್ನಿನ ಸ್ಟೇಷನರಿಗೂ ಒಂದೇ ಅಕ್ಷರದ ವ್ಯತ್ಯಾಸ, ಆ ಅಕ್ಷರದ ಮೇಲೆ ಕಣ್ಣಿಡು ಎಂದೆ. ಅವಳು ಆಕಳಿಸುತ್ತಾ ತಲೆಯಾಡಿಸಿದಳು.

ಪರೀಕ್ಷೆಯ ದಿನವೇ ಚಿಕ್ಕಪುಟ್ಟಿಗೆ ಕೆಮ್ಮು. ಹೊರಡುವ ಮುಂಚೆ ನನ್ನವಳು ನನ್ನ ಕೆಂಪು ಪೆನ್ನಿನಿಂದಲೇ ಅವಳ ಮುಂಗೈ ಮೇಲೆ ಒಂದು ಸರಿ ಗುರುತು ಹಾಕಿ, ಮಧ್ಯಾಹ್ನ ಗುರುತಿದ್ದವಳಿಗೆ ಮಾತ್ರ ಒಂದು ಚಮಚ ಔಷಧಿ ಎಂದು ಒತ್ತಿ ಹೇಳಿ ಹೋದಳು.

ಅವಳು ಬೀದಿ ತಿರುಗಿದಳೋ ಇಲ್ಲವೋ, ದೊಡ್ಡಪುಟ್ಟಿ ತನಗೂ ಗುರುತು ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. ನಾನು ಕರಡಿನಲ್ಲಿ ಮುಳುಗಿದ್ದೆ. ನೋಡಿ ಮುಗಿಸಿದ್ದಕ್ಕೆಲ್ಲ ಗುರುತು ಹಾಕುವುದು ನನ್ನ ಕಸುಬು. ತಲೆಯೆತ್ತದೆಯೇ ಚಾಚಿದ ಕೈಗೂ ಒಂದು ಹಾಕಿದೆ. ಮನೆ ತಣ್ಣಗಾಯಿತು.

ಮಧ್ಯಾಹ್ನ ಚಮಚ ತುಂಬಿ ಕರೆದರೆ ಎರಡು ಕೈ, ಎರಡು ಗುರುತು, ತೆರೆದ ಎರಡು ಬಾಯಿ. ಔಷಧಿ ಸಿಹಿ ನೋಡಿ. ಚಿಕ್ಕಪುಟ್ಟಿ ಯಾರು ಎಂದೆ, ಇಬ್ಬರೂ ನಾನೇ ಎಂದರು. ಬುದ್ಧಿ ಓಡಿಸಿ, ಎಲ್ಲಿ ಕೆಮ್ಮಿ ನೋಡೋಣ ಎಂದೆ. ಇಬ್ಬರೂ ಎಷ್ಟು ಚೆನ್ನಾಗಿ ಕೆಮ್ಮಿದರೆಂದರೆ ನನಗೇ ಗಂಟಲು ಕೆರೆಯಿತು. ತಪ್ಪಿದವಳಿಗೆ ಕುಡಿಸಿದರೆ ಏನು ಗತಿಯೋ ಎಂದು ನಿಜಕ್ಕೂ ಹೆದರಿದೆ. ಚಮಚ ಹಿಡಿದು ನಿಂತಲ್ಲೇ ನಿಂತೆ. ಸ್ಟೇಷನರಿ, ಮೊದಲನೆಯದು.

ಅಷ್ಟರಲ್ಲಿ ಅವಳು ಬಂದಳು. ಚಪ್ಪಲಿ ಕೂಡ ಬಿಡದೆ ನನ್ನ ಕೈಯಿಂದ ಚಮಚ ಕಿತ್ತುಕೊಂಡು ಎಡಗಡೆಯವಳ ಬಾಯಿಗೆ ಸುರಿದಳು. ಇನ್ನೊಬ್ಬಳು ಸಿಕ್ಕಿಬಿದ್ದ ಕಳ್ಳಿಯಂತೆ ನಕ್ಕಳು. ನಾನು ಬೆರಗಾಗಿ ನೋಡುತ್ತಲೇ ಇದ್ದೆ. ಪರೀಕ್ಷೆ ಏನಾಯಿತೆಂದು ಅಳುಕುತ್ತಲೇ ಮೆಲ್ಲಗೆ ಕೇಳಿದೆ.

"ಅಲ್ಲೇ ತಿದ್ದಿ ನೋಡಿದ್ರು, ಒಂದೂ ತಪ್ಪಿಲ್ಲವಂತೆ. ಸೋಮವಾರದಿಂದ ಬನ್ನಿ ಅಂದ್ರು."

"ನಾನು ಹೇಳಿದ ಅಕ್ಷರ ನೋಡಿದ್ಯಾ?"

"ಅಕ್ಷರ ನೋಡಿದ್ರೆ ನಿಮ್ಮ ಹಾಗೆ ಚಮಚ ಹಿಡ್ಕೊಂಡು ನಿಲ್ಬೇಕಿತ್ತು. ಪದದ ಮುಖ ಬಿಟ್ಟು, ಅದು ವಾಕ್ಯದಲ್ಲಿ ಏನು ಮಾಡ್ತಿದೆ ಅಂತ ನೋಡ್ದೆ. ಮಕ್ಕಳನ್ನ ನೋಡೋ ಹಾಗೆ."

ಸೋಮವಾರದಿಂದ ದಿನವಿಡೀ ಮಕ್ಕಳ ಜೊತೆ ನಾನೊಬ್ಬನೇ ಎಂಬುದು ಆಗ ಹೊಳೆಯಿತು. ಅವಳಿಗೆ ಅದು ಮೊದಲೇ ಹೊಳೆದಿರಬೇಕು. ಕೆಂಪು ಪೆನ್ನು ತೆಗೆದು ನನ್ನ ಮುಂಗೈ ಮೇಲೆ ದೊಡ್ಡದೊಂದು ತಪ್ಪು ಗುರುತು ಎಳೆದಳು. ತಕ್ಷಣ ಮಕ್ಕಳಿಬ್ಬರೂ ತಮಗೂ ಅದೇ ಬೇಕೆಂದು ಕೈ ಚಾಚಿದರು.

"ಇದು ಅಪ್ಪಂಗೆ ಮಾತ್ರ," ಎಂದು ಪೆನ್ನಿನ ಮುಚ್ಚಳ ಹಾಕಿದಳು. "ಒಬ್ಬರಿಗೇ ಇದ್ರೇನೇ ಅದು ಗುರುತು."