ನೀರು ಕುಡಿಯದವನ ಸಮಾಧಿಸ್ಥಿತಿ

ಬಾಯಾರಿಕೆ ಎನ್ನುವುದು ಬೇರೆಯವರಿಗೆ ಆಗುವ ವಿಷಯ ಎಂದು ನಾನು ಬಹುಕಾಲ ನಂಬಿದ್ದೆ. ಕಾಫಿ, ಸಾರು, ಮಜ್ಜಿಗೆ, ಮತ್ತೆ ಕಾಫಿ, ಇಷ್ಟೆಲ್ಲ ಒಳಗೆ ಹೋದಮೇಲೆ ನೀರಿಗೆ ಜಾಗವೆಲ್ಲಿ? ಅದೂ ಅಲ್ಲದೆ ಈ ಬೇಸಿಗೆಯಲ್ಲಿ ಗವಿಪುರದ ನಮ್ಮ ಮನೆಯ ನೀರಿಗೆ ನೆನೆದ ಗೋಣಿಚೀಲದ ವಾಸನೆ ಹತ್ತಿಕೊಂಡಿತ್ತು. ಹೆಂಡತಿ ವಿಮಲಾ ಅದನ್ನು ಸೋಸಿ, ಕುದಿಸಿ, ಆರಿಸಿ ಕುಡಿಯುತ್ತಿದ್ದಳು. ಅಂಗಳದ ನೆಲದಡಿಯ ನೀರಿನ ಸಂಪು ತೊಳೆಸಿ ಎಂದು ನನ್ನ ಬೆನ್ನು ಹತ್ತಿದ್ದಳು. ನಾನು ನೀರು ಕುಡಿಯುವುದನ್ನೇ ಬಿಟ್ಟು ಸಮಸ್ಯೆಯನ್ನು ಬಗೆಹರಿಸಿಕೊಂಡಿದ್ದೆ.

ನನಗೆ ದಿವ್ಯಾನುಭವಗಳು ಶುರುವಾದದ್ದು ಆಗಲೇ. ಮಧ್ಯಾಹ್ನವಾದರೆ ಆಫೀಸಿನ ಕಿಟಕಿಯಾಚೆಯ ಹೊಂಗೆಮರ ಗಾಳಿಯಿಲ್ಲದೆಯೇ ತೂಗುತ್ತಿತ್ತು. ಎದುರಿನ ಮೇಜಿನವರ ಮಾತು ಹೊಳೆಯ ಆಚೆದಡದಿಂದ ಬಂದಂತೆ ಕೇಳುತ್ತಿತ್ತು. ಸಂಜೆ ಬ್ಯೂಗಲ್ ರಾಕ್‌ನ ಬಂಡೆಯ ಮೇಲೆ ಕುಳಿತರೆ ದೇಹ ಅರಳೆಯಷ್ಟು ಹಗುರಾಗಿ, ಮರದಿಂದೆದ್ದ ಬಾವಲಿಗಳ ಜೊತೆ ನಾನೂ ತೇಲಿಹೋಗುತ್ತೇನೆ ಅನ್ನಿಸುತ್ತಿತ್ತು. ನಮ್ಮ ತಾತ ಕೊನೆಗಾಲದಲ್ಲಿ ಧ್ಯಾನ ಮಾಡುತ್ತಿದ್ದರು, ರಕ್ತದಲ್ಲೇ ಬಂದಿರಬೇಕು. ನಾಚುತ್ತಲೇ ವಿಮಲಾಗೆ ಹೇಳಿದೆ. ಅವಳು, "ಇವತ್ತು ನೀರು ಕುಡಿದ್ರಾ?" ಅಂದಳು. ಲೌಕಿಕರ ಮುಂದೆ ಇಂಥದ್ದನ್ನು ಆಡಬಾರದೆಂದು ತೀರ್ಮಾನಿಸಿದೆ.

ಮರುವಾರ ಗಾಂಧಿ ಬಜಾರಿಗೆ ಇಬ್ಬರೂ ಹೋಗಿದ್ದೆವು. ಸುಡುಬಿಸಿಲು. ವಿಮಲಾ ಮಲ್ಲಿಗೆಯ ಚೌಕಾಸಿಯಲ್ಲಿದ್ದಳು. ನೋಡನೋಡುತ್ತ ಹೂವಿನ ರಾಶಿ ಬುಟ್ಟಿಯಿಂದ ಮೋಡದಂತೆ ಮೇಲೆದ್ದಿತು. ಬೀದಿಗೆ ಬೀದಿಯೇ ಬೆಳ್ಳಗಾಯಿತು. ಕೊನೆಗೂ ಸಮಾಧಿಸ್ಥಿತಿ ಬಂತು ಅಂದುಕೊಂಡೆ.

ಕಣ್ಣು ಬಿಟ್ಟಾಗ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ, ವಿಮಲಾಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೇ.

ಹತ್ತಿರದ ಡಾಕ್ಟರು ಬಿ.ಪಿ. ನೋಡಿ, ಮೈಯಲ್ಲಿ ನೀರೇ ಇಲ್ಲ, ರಕ್ತದೊತ್ತಡ ಕುಸಿದಿದೆ, ಹೀಗೇ ಬಿಟ್ಟರೆ ಕಿಡ್ನಿಗೇ ಕುತ್ತು ಎಂದರು. ಮೂತ್ರದ ಬಣ್ಣ ಹೇಗಿರುತ್ತದೆಂದು ಕೇಳಿದರು. ಹೆಂಡತಿಯ ಎದುರು ಸ್ವಲ್ಪ ನಾಜೂಕಾಗಿರಲಿ ಎಂದು, ಸಂಜೆಯ ಹೊಂಬಿಸಿಲಿನ ಹಾಗೆ ಎಂದೆ.

"ಹೊಂಬಿಸಿಲು ಬೇಡ ಸಾರ್, ತಿಳಿಯಾಗಿರ್ಬೇಕು," ಎಂದು ಉಪ್ಪು-ಸಕ್ಕರೆಯ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿದರು. ವಿಮಲಾಳಿಂದ ಮನೆಯ ನೀರಿನ ಕತೆ ಕೇಳಿ, ಕೆಟ್ಟ ನೀರು ಕುಡಿದರೂ ಕಷ್ಟ, ನೀರೇ ಕುಡಿಯದಿದ್ದರೂ ಕಷ್ಟ, ಕುದಿಸಿದ ನೀರನ್ನು ಬಾಯಾರುವ ಮೊದಲೇ ಕುಡಿಯಿರಿ ಎಂದರು. ಆ ದ್ರಾವಣ ಒಳಗಿಳಿದು ಸ್ವಲ್ಪ ಹೊತ್ತಿಗೆಲ್ಲ ನನ್ನ ಅಧ್ಯಾತ್ಮ ಪೂರ್ತಿ ಇಳಿದುಹೋಯಿತು.

ಮಾರನೆಯ ದಿನವೇ ಸಂಪು ಖಾಲಿ ಮಾಡಿಸಿದೆವು. ಮುಚ್ಚಳ ಬಿರುಕುಬಿಟ್ಟು ಅಂಗಳದ ಕೊಳೆನೀರೆಲ್ಲ ಒಳಗಿಳಿಯುತ್ತಿತ್ತು; ತಳದಲ್ಲಿ ಕಪ್ಪು ಕೆಸರು. ವಿಮಲಾ ಕೆಸರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಹೇಳಬಹುದಾದದ್ದೆಲ್ಲ ನನಗೆ ಕೇಳಿಸಿತು. ಸಂಪು ತೊಳೆದು, ಹೊಸ ಮುಚ್ಚಳ ಕೂರಿಸಿ, ಕುದಿಸಿ ಆರಿಸಿದ ಮೊದಲ ಲೋಟ ಕುಡಿದಾಗ ನೀರಿಗೂ ರುಚಿಯಿದೆ ಎಂದು ತಿಳಿಯಿತು.

ಈಗ ಬಾಟಲಿಯಿಲ್ಲದೆ ಮನೆ ಬಿಡುವುದಿಲ್ಲ. ತಲೆಸುತ್ತು ಹೋಗಿದೆ, ಆಫೀಸಿನ ಲೆಕ್ಕ ತಪ್ಪುತ್ತಿಲ್ಲ. ಹೊಸ ತೊಂದರೆ ಒಂದೇ. ಮೊನ್ನೆ ಚಾಮರಾಜಪೇಟೆಯಲ್ಲಿ ಸಂಗೀತ ಕಛೇರಿ. ಗಾಯಕರು ಆಲಾಪನೆಯ ಎತ್ತರಕ್ಕೇರಿದ ಹೊತ್ತಿಗೆ ಸರಿಯಾಗಿ ನಾನು ಮುಂದಿನ ಸಾಲಿನಿಂದ ಎದ್ದು, ಎಲ್ಲರ ಮೊಣಕಾಲು ದಾಟಿ ಹೊರಗೋಡಬೇಕಾಯಿತು. ಶೌಚಾಲಯದ ಮುಂದೆ ಕ್ಯೂ. ಆದರೆ ರಾಗ ಅಲ್ಲಿಗೂ ಬರುತ್ತಿತ್ತು, ಒಳಗೆ ಕೇಳಿದ್ದಕ್ಕಿಂತ ಮೃದುವಾಗಿ. ಗೋಡೆಗೊರಗಿ ಕಣ್ಣು ಮುಚ್ಚಿದೆ. ಎಲ್ಲಿದ್ದೇನೆ ಎಂಬುದೂ ಮರೆತುಹೋಯಿತು.

ಹಿಂದಿದ್ದವರು ಮೆಲ್ಲಗೆ ಭುಜ ತಟ್ಟಿದರು. "ಸಾರ್, ನಿಮ್ಮ ಸರದಿ. ಹೋಗ್ತೀರೋ, ಇಲ್ಲಾ ಕೇಳ್ತಾ ಇರ್ತೀರೋ?"